ಆರು ತಿಂಗಳ ಲೆಕ್ಕ

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಬ್ಯಾಕ್ಟೀರಿಯಾ ಬಗ್ಗೆ ಬರೆಯುವುದು ವಿಜ್ಞಾನ ವಿಭಾಗದವರ ಕೆಲಸ, ಇವಳಿಗೇಕೆ ಬೇಕಿತ್ತು ಎಂದು ಕೆಲವರಿಗೆ ಅನಿಸಬಹುದು. ಹತ್ತನೆಯ ತರಗತಿಯಲ್ಲಿ ವಿಜ್ಞಾನಕ್ಕೆ ನನಗೆ ಬಂದ ಅಂಕಗಳನ್ನು ನೋಡಿದವರಂತೂ ನಕ್ಕೇ ನಗುತ್ತಾರೆ. ಆದರೆ ಕಷ್ಟಕಾಲದಲ್ಲಿ ಒಂದು ಬ್ಯಾಕ್ಟೀರಿಯಾ ತನ್ನ ಸಕ್ಕರೆಯನ್ನು ಹೇಗೆ ಖರ್ಚು ಮಾಡುತ್ತದೆ ಎಂಬುದು ಈ ವರ್ಷ ನಮ್ಮ ಮನೆಯ ಮಾತಾಯಿತು. ಬರೆಯಲು ಅಬ್ಬಾ ಒಪ್ಪಿಗೆ ಕೊಟ್ಟಿದ್ದಾರೆ. "ನಮ್ಮ ಹೆಸರು, ಊರು ಹಾಕಬೇಡ. ಉಳಿದದ್ದನ್ನ ಇದ್ದದ್ದು ಇದ್ದ ಹಾಗೆ ಬರಿ" ಎಂದರು. ಮನೆಯಲ್ಲಿ ನಾವು ಮಾತಾಡುವುದು ಉರ್ದು. ಆಡಿದ ಮಾತುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ನವಲಗುಂದ ಮತ್ತು ಅಣ್ಣಿಗೇರಿ ನಡುವಿನ ಒಂದು ಹಳ್ಳಿಯಲ್ಲಿ ಅಬ್ಬಾ ಅವರದು ಸಣ್ಣ ಕಿರಾಣಿ ಅಂಗಡಿ. ಎಂಟನೆಯ ತರಗತಿಯಿಂದ ಉದ್ರಿ ವಹಿ ಬರೆಯುವುದು ನನ್ನ ಕೆಲಸ. ನಮ್ಮ ಕಡೆ ಅಂಗಡಿ ನಡೆಯುವುದೇ ಉದ್ರಿಯ ಮೇಲೆ. "ಹೆಸರು ಬಂದ ಮ್ಯಾಲೆ ಕೊಡ್ತೇನ್ರಿ ಸಾಹೇಬ್ರ" ಎಂದು ಒಬ್ಬರು, "ಕಡ್ಲಿ ಮಾರಿದ ಕೂಡ್ಲೆ ಕೊಡ್ತೇನಿ" ಎಂದು ಇನ್ನೊಬ್ಬರು. ಯಾರು ಎಷ್ಟು ಒಯ್ದರು, ಎಷ್ಟು ಕೊಟ್ಟರು, ಬಾಕಿ ಎಷ್ಟು ಎಂದು ಬರೆದು ಬರೆದು ನನಗೆ ಲೆಕ್ಕದ ಹುಚ್ಚು ಹತ್ತಿತು. ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ತೆಗೆದುಕೊಂಡಿದ್ದೂ ಅದಕ್ಕೇ.

ಹೋದ ವರ್ಷ ದೀಪಾವಳಿಯ ಹೊತ್ತಿಗೆ ಅಬ್ಬಾಗೆ ಕೆಮ್ಮು ಶುರುವಾಯಿತು. ಮೆಣಸಿನಕಾಯಿ ಚೀಲದ ಘಾಟು ಎಂದು ಎಲ್ಲರೂ ಅಂದುಕೊಂಡೆವು. ಬೆಲ್ಲ, ಶುಂಠಿ, ಅಜವಾನ ಎಲ್ಲ ಆಯಿತು. ಎರಡು ತಿಂಗಳಲ್ಲಿ ಅಂಗಿ ಜೋತಾಡತೊಡಗಿತು. ರಾತ್ರಿ ಬೆವರಿನಿಂದ ದಿಂಬು ಒದ್ದೆಯಾಗುತ್ತಿತ್ತು. ಕಡೆಗೆ ನಮ್ಮೂರಿನ ಆಶಾ ಅಕ್ಕ ಅಂಗಡಿಗೆ ಎಣ್ಣೆ ಒಯ್ಯಲು ಬಂದವರು ಕೆಮ್ಮು ಕೇಳಿ, "ಸಾಹೇಬ್ರ, ಎರಡು ವಾರದ ಮ್ಯಾಲೆ ಕೆಮ್ಮು ಇದ್ರ ಕಫ ತೋರಿಸ್ಬೇಕ್ರಿ. ರೊಕ್ಕ ಹತ್ತಂಗಿಲ್ಲ" ಎಂದು ಒಂದು ಡಬ್ಬಿ ಕೊಟ್ಟು ಹೋದರು. ಜನವರಿ ಮೊದಲ ವಾರ ಗೊತ್ತಾಯಿತು. ಟಿ.ಬಿ.

ಕಫವನ್ನು ಪರೀಕ್ಷೆ ಮಾಡಿದ ಯಂತ್ರದ ಹೆಸರು ಟ್ರೂನ್ಯಾಟ್. ಅದನ್ನು ರೂಪಿಸಿದ್ದು ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಎಂದು ಆಮೇಲೆ ಓದಿ ತಿಳಿದೆ. ಅಂದು ನನಗೆ ಕಂಡದ್ದು ಅಮ್ಮಿಯ ಮುಖ ಮಾತ್ರ. ನಮ್ಮ ಆಪಾಗೆ ಕುಂದಗೋಳ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗನ ಮನೆಯವರು ರಂಜಾನ್ ಆದ ಮೇಲೆ ಬರುವವರಿದ್ದರು. ಅಮ್ಮಿ ನಮ್ಮನ್ನೆಲ್ಲ ಕೂರಿಸಿ, "ಈ ಮಾತು ಹೊಸ್ತಿಲು ದಾಟಬಾರದು" ಎಂದರು. ದಾಟಲಿಲ್ಲ. ಮನೆಯ ಎಲ್ಲರಿಗೂ ತಪಾಸಣೆಯಾಯಿತು. ದೇವರ ದಯೆ, ಬೇರೆ ಯಾರಿಗೂ ರೋಗ ಇರಲಿಲ್ಲ. ಅಬ್ಬಾ ಅವರ ಗುಳಿಗೆಯ ಪೊಟ್ಟಣ ಅಕ್ಕಿ ಡಬ್ಬದ ಹಿಂದೆ ಸೇರಿತು.

ಚಿಕಿತ್ಸೆ 168 ದಿನಗಳದ್ದು. ದಿನಕ್ಕೆ ಮೂರು ಗುಳಿಗೆ, ಒಟ್ಟು 504. ಮೊದಲ 56 ದಿನ ಒಂದು ಗುಳಿಗೆಯಲ್ಲಿ ನಾಲ್ಕು ಔಷಧಿ: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬ್ಯುಟಾಲ್. ಆಮೇಲಿನ 112 ದಿನ ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ಎಲ್ಲ ಪುಕ್ಕಟೆ. ಮೇಲಾಗಿ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಊಟಕ್ಕೆಂದು ತಿಂಗಳಿಗೆ 1000 ರೂಪಾಯಿ. 2018ರಲ್ಲಿ ಆ ಯೋಜನೆ ಶುರುವಾದಾಗ 500 ಇತ್ತು, 2024ರ ನವೆಂಬರ್‌ನಿಂದ 1000 ಆಗಿದೆ. ಆ ಹಣದಲ್ಲಿ ಮೊಟ್ಟೆ ತರುತ್ತಿದ್ದೆವು.

"ಗುಳಿಗೆ ಲೆಕ್ಕ ನೀನೇ ಇಡು" ಎಂದು ಅಬ್ಬಾ ನನಗೆ ಹೇಳಿದರು. ನಾನು ಉದ್ರಿ ವಹಿಯ ಕೊನೆಯ ಪುಟದಲ್ಲಿ ಜಮಾ, ಖರ್ಚು, ಬಾಕಿ ಎಂದು ಮೂರು ಗೆರೆ ಎಳೆದೆ. ದವಾಖಾನೆಯಿಂದ ಕೊಟ್ಟ ಕಾರ್ಡಿನಲ್ಲಿ ಅಬ್ಬಾ ಗುರುತು ಹಾಕುತ್ತಿದ್ದರು. ನಾನು ಅದನ್ನು ನೋಡಿ ವಹಿಯಲ್ಲಿ ಬರೆಯುತ್ತಿದ್ದೆ. ರಿಫಾಂಪಿಸಿನ್‌ನಿಂದ ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿದಾಗ ಅಬ್ಬಾ ಹೆದರಿದ್ದರು. ಅದು ಔಷಧಿಯ ಬಣ್ಣ, ಅಂಜಬೇಡಿ ಎಂದು ಆಶಾ ಅಕ್ಕ ತಿಳಿಸಿ ಹೇಳಿದರು. ಮೂರು ವಾರದಲ್ಲಿ ಕೆಮ್ಮು ಇಳಿಯಿತು. ಎರಡು ತಿಂಗಳಾಗುವಷ್ಟರಲ್ಲಿ ತೂಕ ಏರಿತು, ಬೆವರು ನಿಂತಿತು. ಅಬ್ಬಾ ಮೊದಲಿನಂತೆ ಗಿರಾಕಿಗಳ ಜೊತೆ ಚೌಕಾಸಿ ಮಾಡತೊಡಗಿದರು.

ಮಾರ್ಚ್ 2ಕ್ಕೆ ರಂಜಾನ್ ಶುರುವಾಯಿತು. ಅದೇ ದಿನದಿಂದ ಹೊಸ ಪೊಟ್ಟಣ: 28 ದಿನ, 84 ಗುಳಿಗೆ.

ಒಂಬತ್ತನೆಯ ರೋಜಾ ದಿನ ಇಫ್ತಾರ್‌ಗೆ ಗಂಜಿ ಮಾಡಲು ಅಕ್ಕಿ ತೆಗೆಯುವಾಗ ಪೊಟ್ಟಣ ಕೈಗೆ ತಾಗಿತು. ರೂಢಿಯಿಂದ ಎಣಿಸಿದೆ. ವಹಿಯ ಪ್ರಕಾರ 57 ಇರಬೇಕಿತ್ತು. ಇದ್ದದ್ದು 84. ಕಾರ್ಡಿನಲ್ಲಿ ಒಂಬತ್ತೂ ದಿನದ ಗುರುತು ಸರಿಯಾಗಿಯೇ ಇತ್ತು. ಪುಸ್ತಕದಲ್ಲಿ ಮಾಲು ಹೋಗಿದೆ, ಗೋದಾಮಿನಲ್ಲಿ ಮಾಲು ಹಾಗೆಯೇ ಇದೆ. ಇದಕ್ಕೆ ಏನೆನ್ನುತ್ತಾರೆ ಎಂದು ಲೆಕ್ಕಶಾಸ್ತ್ರ ಓದಿದವರಿಗೆ ಹೇಳಬೇಕಾಗಿಲ್ಲ.

ನಾನು ಸುಮ್ಮನಿದ್ದೆ.

ಈ ಲೇಖನದಲ್ಲಿ ಬರೆಯಲು ಕಷ್ಟವಾದ ಮಾತು ಇದೊಂದೇ. ಅಬ್ಬಾ ರೋಜಾ ಹಿಡಿಯುತ್ತಿದ್ದರು, ಖುಷಿಯಾಗಿದ್ದರು, ತರಾವೀಹ್‌ಗೆ ಹೋಗುತ್ತಿದ್ದರು. ಸೆಹ್ರಿಯಲ್ಲಿ ಗುಳಿಗೆ ತೆಗೆದುಕೊಂಡರೆ ಹೊಟ್ಟೆ ತೊಳಸುತ್ತದೆ ಎಂದು ಒಮ್ಮೆ ಅಮ್ಮಿಯ ಹತ್ತಿರ ಅಂದಿದ್ದನ್ನು ನಾನು ಕೇಳಿದ್ದೆ. ಆಪಾ ಸಂಬಂಧದವರು ಬರುವ ಹೊತ್ತಿಗೆ ಮನೆಯಲ್ಲಿ ಗುಳಿಗೆ ಎಂಬುದೇ ಇರದಿದ್ದರೆ ಒಳ್ಳೆಯದು ಎಂದು ನನಗೂ ಒಳಗೊಳಗೆ ಅನಿಸಿತ್ತು. ಅದೂ ಅಲ್ಲದೆ ಕೆಮ್ಮೇ ಇಲ್ಲವಲ್ಲ! ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಂಡು ವಹಿಯಲ್ಲಿ ಸುಳ್ಳು ಲೆಕ್ಕವನ್ನು ಮುಂದುವರಿಸಿದೆ. ಒಂದು ದಿನವಲ್ಲ, ಹತ್ತು ದಿನ.

ಹತ್ತೊಂಬತ್ತನೆಯ ರೋಜಾ ದಿನ ಗ್ರಂಥಾಲಯದ ಪುಸ್ತಕ ಮರಳಿಸಲು ಕಾಲೇಜಿಗೆ ಬಂದಿದ್ದೆ. ಜೀವಶಾಸ್ತ್ರದ ಮೇಡಂ ಒಬ್ಬರೇ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಗೋಡೆಗೆ ಮಾರ್ಚ್ 24ರ ವಿಶ್ವ ಕ್ಷಯರೋಗ ದಿನದ ಭಿತ್ತಿಪತ್ರ ಹಚ್ಚಿತ್ತು. 1882ರ ಅದೇ ದಿನ ಬರ್ಲಿನ್‌ನಲ್ಲಿ ರಾಬರ್ಟ್ ಕೋಕ್ ಈ ರೋಗಕ್ಕೆ ಕಾರಣ ಒಂದು ಬ್ಯಾಕ್ಟೀರಿಯಾ ಎಂದು ಸಾರಿದರಂತೆ. ಧೈರ್ಯ ಮಾಡಿ ಕೇಳಿದೆ. "ಮೇಡಂ, ಎರಡು ತಿಂಗಳಿಗೇ ಕೆಮ್ಮು ನಿಂತರೂ ಆರು ತಿಂಗಳು ಯಾಕ್ರಿ ಗುಳಿಗಿ?"

ಅವರು ಪೆನ್ನು ಕೆಳಗಿಟ್ಟರು. ಯಾರಿಗೆ ಎಂದು ಕೇಳಲಿಲ್ಲ. ಅವರು ಅಂದು ಹೇಳಿದ್ದನ್ನೂ ಆಮೇಲೆ ಅವರು ಕೊಟ್ಟ ಪುಸ್ತಕಗಳಿಂದ ನಾನು ತಿಳಿದುಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ.

ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಬಿಳಿ ನೊರೆ ಏಳುವುದನ್ನು ನಾವೆಲ್ಲ ನೋಡಿದ್ದೇವೆ. ನಮ್ಮ ದೇಹವೂ ಅದೇ ಪೆರಾಕ್ಸೈಡನ್ನು ತಾನೇ ತಯಾರಿಸುತ್ತದೆ. ರೋಗಾಣು ಒಳಗೆ ಬಂದಾಗ ಮ್ಯಾಕ್ರೋಫೇಜ್ ಎಂಬ ರಕ್ಷಕ ಜೀವಕೋಶ ಅದನ್ನು ನುಂಗಿ, ಒಂದು ಚೀಲದೊಳಗೆ ಹಾಕಿ, ಅದರ ಮೇಲೆ ಸೂಪರ್‌ಆಕ್ಸೈಡ್, ಪೆರಾಕ್ಸೈಡ್‌ನಂಥ ವಸ್ತುಗಳನ್ನು ಸುರಿಯುತ್ತದೆ. ಇವು ಎದುರಿಗೆ ಸಿಕ್ಕ ಪ್ರೋಟೀನು, ಕೊಬ್ಬು, ಡಿಎನ್ಎ ಎಲ್ಲದರಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಅವನ್ನು ಕೆಡಿಸುತ್ತವೆ. ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ರೋಗಾಣುವಿಗೆ ಒಳಗಿನಿಂದ ತುಕ್ಕು. ಇದಕ್ಕೆ ಉತ್ಕರ್ಷಣದ ಒತ್ತಡ, ಆಕ್ಸಿಡೇಟಿವ್ ಸ್ಟ್ರೆಸ್ ಎನ್ನುತ್ತಾರೆ.

ಹಾಗಾದರೆ ರೋಗಾಣು ಸಾಯಬೇಕಲ್ಲ? ಇಲ್ಲಿಯೇ ಸಕ್ಕರೆಯ ಲೆಕ್ಕ ಬರುತ್ತದೆ.

ಬ್ಯಾಕ್ಟೀರಿಯಾದ ಕೈಗೆ ಸಿಕ್ಕ ಗ್ಲೂಕೋಸ್‌ಗೆ ಎರಡು ದಾರಿಗಳಿವೆ. ಒಂದು ಗ್ಲೈಕಾಲಿಸಿಸ್. ಹತ್ತು ಹಂತಗಳಲ್ಲಿ ಗ್ಲೂಕೋಸ್ ಒಡೆದು ಎಟಿಪಿ ಎಂಬ ಶಕ್ತಿ ಸಿಗುತ್ತದೆ. ಇದು ಕೈಗೆ ಬರುವ ನಗದು ಇದ್ದ ಹಾಗೆ. ಬೆಳೆಯಲು, ಒಂದು ಎರಡಾಗಲು ಇದು ಬೇಕು. ಇನ್ನೊಂದು ಪೆಂಟೋಸ್ ಫಾಸ್ಫೇಟ್ ಮಾರ್ಗ. ಇಲ್ಲಿ ಗ್ಲೂಕೋಸ್‌ನ ಒಂದು ಇಂಗಾಲ ಇಂಗಾಲದ ಡೈಆಕ್ಸೈಡ್ ಆಗಿ ಹಾಳಾಗುತ್ತದೆ, ಆದರೆ ಬದಲಿಗೆ ಎರಡು ಎನ್ಎಡಿಪಿಎಚ್ ಅಣುಗಳು ಸಿಗುತ್ತವೆ. ಈ ಎನ್ಎಡಿಪಿಎಚ್ ಕೆಲಸವೇ ಬೇರೆ. ಪೆರಾಕ್ಸೈಡನ್ನು ಎದುರಿಸಿ ಎಲೆಕ್ಟ್ರಾನ್ ಕಳೆದುಕೊಂಡ ಕಾವಲು ಅಣುಗಳಿಗೆ ಅದು ಮತ್ತೆ ಎಲೆಕ್ಟ್ರಾನ್ ತುಂಬಿ ಕೆಲಸಕ್ಕೆ ಕಳಿಸುತ್ತದೆ. ಹೊಟ್ಟೆಯಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಗ್ಲುಟಾಥಯೋನ್ ಅಂಥ ಒಂದು ಕಾವಲು ಅಣು. ಟಿ.ಬಿ. ಬ್ಯಾಕ್ಟೀರಿಯಾದಲ್ಲಿ ಅದರ ಜಾಗದಲ್ಲಿ ಮೈಕೋಥಯೋಲ್ ಇದೆ.

ಶಾಂತವಾಗಿದ್ದಾಗ ಹೆಚ್ಚಿನ ಸಕ್ಕರೆ ಮೊದಲ ದಾರಿಯಲ್ಲಿ ಹೋಗುತ್ತದೆ. ಪೆರಾಕ್ಸೈಡ್ ಬಿದ್ದಾಗ ಆ ದಾರಿಯ ನಡುವಿನ ಒಂದು ಕಿಣ್ವಕ್ಕೇ ಏಟು ಬೀಳುತ್ತದೆ. ಜಿಎಪಿಡಿಎಚ್ ಅದರ ಹೆಸರು. ಅದು ನಿಧಾನವಾದರೆ ಸಕ್ಕರೆ ಹಿಂದೆಯೇ ಗಂಟು ಕಟ್ಟುತ್ತದೆ, ಕಟ್ಟಿದ್ದು ಪಕ್ಕದ ದಾರಿಗೆ ನುಗ್ಗುತ್ತದೆ. ಯೀಸ್ಟ್‌ನಲ್ಲಿ, ಕೆಲವು ಬ್ಯಾಕ್ಟೀರಿಯಾಗಳಲ್ಲಿ ವಿಜ್ಞಾನಿಗಳು ಇದನ್ನು ಕಂಡಿದ್ದಾರೆ. ಮಳೆಗಾಲದಲ್ಲಿ ಬೆಣ್ಣಿಹಳ್ಳ ತುಂಬಿ ರಸ್ತೆ ಬಂದ್ ಆದರೆ ನಮ್ಮ ಬಸ್ಸು ಸುತ್ತು ಹಾಕಿ ಬೇರೆ ದಾರಿ ಹಿಡಿಯುವುದಿಲ್ಲವೇ, ಹಾಗೆ. ಅಷ್ಟೇ ಅಲ್ಲ, ಸೂಪರ್‌ಆಕ್ಸೈಡ್ ಕಾಟ ಹೆಚ್ಚಾದಾಗ ಇ. ಕೋಲೈ ಆ ಎರಡನೆಯ ದಾರಿಯ ಬಾಗಿಲಲ್ಲಿರುವ ಕಿಣ್ವವನ್ನು ಹೆಚ್ಚು ಹೆಚ್ಚಾಗಿ ತಯಾರಿಸುತ್ತದೆ. ಒಟ್ಟಿನಲ್ಲಿ ಬೆಳವಣಿಗೆಯ ಖರ್ಚು ಕಡಿಮೆ, ರಕ್ಷಣೆಯ ಖರ್ಚು ಹೆಚ್ಚು.

"ಟಿ.ಬಿ. ಬ್ಯಾಕ್ಟೀರಿಯಾ ಇನ್ನೂ ಹುಷಾರ" ಎಂದರು ಮೇಡಂ. ಇ. ಕೋಲೈ ಅನುಕೂಲವಿದ್ದರೆ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಟಿ.ಬಿ. ಬ್ಯಾಕ್ಟೀರಿಯಾಗೆ ಸುಮಾರು 20 ತಾಸು ಬೇಕು. ಮೊದಲೇ ನಿಧಾನ, ಕಷ್ಟ ಬಂದರೆ ಇನ್ನೂ ನಿಧಾನ. ಅದರ ಹೊರಗೋಡೆ ಮೇಣದಂಥ ಕೊಬ್ಬಿನದು. ಆ ಗೋಡೆ ಕಟ್ಟಲು ಟ್ರೆಹಲೋಸ್ ಎಂಬ ಸಕ್ಕರೆ ಬೇಕು. ಗ್ಲೂಕೋಸ್‌ನ ಎರಡು ಅಣು ಸೇರಿದರೆ ಒಂದು ಟ್ರೆಹಲೋಸ್. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಔಷಧಿಗೆ ಸಾಯದೆ ಉಳಿಯುವ ಟಿ.ಬಿ. ಬ್ಯಾಕ್ಟೀರಿಯಾಗಳು ಗೋಡೆಗೆ ಹೋಗಬೇಕಾದ ಈ ಟ್ರೆಹಲೋಸನ್ನು ತಡೆದು, ಒಳಗಿನ ಖರ್ಚಿಗೆ ತಿರುಗಿಸಿಕೊಳ್ಳುತ್ತವೆ. ಅದರಿಂದ ಎಟಿಪಿ ಆರದಂತೆ, ಕಾವಲು ಕುಂದದಂತೆ ನೋಡಿಕೊಳ್ಳುತ್ತವೆ. ಹೀಗೆ ತಿರುಗಿಸುವ ಕಿಣ್ವವನ್ನು ಪ್ರಯೋಗಾಲಯದಲ್ಲಿ ತೆಗೆದುಹಾಕಿದಾಗ ಬ್ಯಾಕ್ಟೀರಿಯಾಗಳು ಔಷಧಿಗೆ ಸುಲಭವಾಗಿ ಸತ್ತವು.

ಈಗ ಗುಳಿಗೆಗೆ ಬರೋಣ. ಐಸೋನಿಯಾಜಿಡ್ ಮತ್ತು ಎಥಾಂಬ್ಯುಟಾಲ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಗೋಡೆ ಕಟ್ಟುವುದನ್ನು ತಡೆಯುವ ಮೂಲಕ. ಬೆಳೆಯುತ್ತಿರುವ ಬ್ಯಾಕ್ಟೀರಿಯಾ ಗೋಡೆ ಕಟ್ಟುತ್ತಲೇ ಇರುತ್ತದೆ, ಸಿಕ್ಕಿಬೀಳುತ್ತದೆ, ಸಾಯುತ್ತದೆ. ಮೊದಲ ವಾರಗಳಲ್ಲಿ ಹೀಗೆ ಕೋಟ್ಯಂತರ ಸಾಯುವುದರಿಂದಲೇ ಕೆಮ್ಮು ಇಳಿಯುತ್ತದೆ. ಆದರೆ ಗೋಡೆ ಕಟ್ಟುವುದನ್ನೇ ನಿಲ್ಲಿಸಿ, ಸಕ್ಕರೆಯನ್ನು ಒಳಗೆ ತಿರುಗಿಸಿಕೊಂಡು ಕೂತ ಕೆಲವಕ್ಕೆ ಆ ಔಷಧಿ ಅಷ್ಟಾಗಿ ತಾಗುವುದಿಲ್ಲ. ಅವುಗಳಿಗಾಗಿಯೇ ರಿಫಾಂಪಿಸಿನ್ ಮತ್ತು ಪೈರಾಜಿನಮೈಡ್. ಅವುಗಳಿಗಾಗಿಯೇ ಮುಂದಿನ ನಾಲ್ಕು ತಿಂಗಳು. ಹಿಂದೆ ಈ ಎರಡು ಔಷಧಿ ಇಲ್ಲದಾಗ ಚಿಕಿತ್ಸೆ ಒಂದೂವರೆ ವರ್ಷದವರೆಗೆ ನಡೆಯುತ್ತಿತ್ತಂತೆ.

ಒಂದು ಮಾತು ನನಗೆ ಬಹಳ ಸೋಜಿಗ ಅನಿಸಿತು. ಐಸೋನಿಯಾಜಿಡ್ ತಾನಾಗಿ ವಿಷವಲ್ಲ. ಬ್ಯಾಕ್ಟೀರಿಯಾ ಪೆರಾಕ್ಸೈಡ್‌ನಿಂದ ಬಚಾವಾಗಲು ಇಟ್ಟುಕೊಂಡಿರುವ ಕ್ಯಾಟ್‌ಜಿ ಎಂಬ ಕಿಣ್ವವೇ ಆ ಗುಳಿಗೆಯನ್ನು ವಿಷವಾಗಿ ಬದಲಾಯಿಸುತ್ತದೆ. ತನ್ನ ಕಾವಲುಗಾರನೇ ಕಳ್ಳನಿಗೆ ಬಾಗಿಲು ತೆರೆದ ಹಾಗೆ. ಅದೇ ಕಿಣ್ವ ಕೆಟ್ಟ ಬ್ಯಾಕ್ಟೀರಿಯಾಗಳು ಆ ಔಷಧಿಗೆ ಬಗ್ಗುವುದಿಲ್ಲ. ಗುಳಿಗೆಯನ್ನು ನಡುವೆ ಬಿಟ್ಟು, ಮತ್ತೆ ಹಿಡಿದು, ಮತ್ತೆ ಬಿಟ್ಟರೆ ಇಂಥವೇ ಉಳಿದು ಬೆಳೆಯುವ ಭಯ. ಆಗ ಬೇರೆ ಔಷಧಿ, ಹೆಚ್ಚು ಕಷ್ಟ. ಮನೆಯವರಿಗೆ ಅಂಟುವುದೂ ಅದೇ ಜಾತಿ.

ನಮ್ಮ ರಾಜ್ಯದಲ್ಲೇ ಈ ಬಗ್ಗೆ ದೊಡ್ಡ ಕೆಲಸ ನಡೆದಿದೆ ಎಂದು ಮೇಡಂ ಹೇಳಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮಿತ್ ಸಿಂಗ್ ಅವರ ತಂಡ ಟಿ.ಬಿ. ಬ್ಯಾಕ್ಟೀರಿಯಾದೊಳಗಿನ ಈ ಉತ್ಕರ್ಷಣದ ಏರಿಳಿತವನ್ನೇ ಅಧ್ಯಯನ ಮಾಡುತ್ತಿದೆ. ಮ್ಯಾಕ್ರೋಫೇಜ್‌ನೊಳಗಿನ ಎಲ್ಲ ಬ್ಯಾಕ್ಟೀರಿಯಾಗಳ ಸ್ಥಿತಿ ಒಂದೇ ತೆರನಾಗಿರುವುದಿಲ್ಲ. ಹುಳಿ ಹೆಚ್ಚಿರುವ ಚೀಲಗಳಲ್ಲಿ ಕೂತವು ತಮ್ಮ ರಕ್ಷಣೆಯನ್ನು ಬಲಪಡಿಸಿಕೊಂಡು ಔಷಧಿಯನ್ನು ತಡೆದುಕೊಳ್ಳುತ್ತವೆ. 2019ರಲ್ಲಿ ಆ ತಂಡ, ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್ ಆ ಹುಳಿಯನ್ನು ಕಡಿಮೆ ಮಾಡುವುದರಿಂದ ಟಿ.ಬಿ. ಔಷಧಿ ಚೆನ್ನಾಗಿ ತಾಗುತ್ತದೆ ಎಂದು ಪ್ರಾಣಿಗಳಲ್ಲಿ ತೋರಿಸಿತು. "ಇದು ಪ್ರಾಣಿಗಳ ಮ್ಯಾಲಿನ ಪ್ರಯೋಗ. ಅಂಗಡ್ಯಾಗ ಕೊಂಡು ನುಂಗೂದಲ್ಲ ಮತ್ತ" ಎಂದು ಮೇಡಂ ಬೆರಳು ತೋರಿಸಿ ಹೇಳಿದರು.

ಬೆಂಗಳೂರಿನಲ್ಲಿಯೇ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. 1959ರಲ್ಲಿ ಆರಂಭವಾದ ಆ ಸಂಸ್ಥೆಯ ಹಳ್ಳಿಹಳ್ಳಿ ಅಧ್ಯಯನಗಳ ಮೇಲೆಯೇ 1962ರಲ್ಲಿ ದೇಶದ ಕ್ಷಯರೋಗ ಕಾರ್ಯಕ್ರಮ ನಿಂತಿತು. ಅದೇ 1959ರಲ್ಲಿ ಮದ್ರಾಸಿನ ಅಧ್ಯಯನವೊಂದು, ರೋಗಿಯನ್ನು ಆರೋಗ್ಯಧಾಮದಲ್ಲಿ ದೂರವಿಡಬೇಕಿಲ್ಲ, ಗುಳಿಗೆ ಸರಿಯಾಗಿ ತೆಗೆದುಕೊಂಡರೆ ಮನೆಯಲ್ಲಿದ್ದೇ ಅಷ್ಟೇ ಚೆನ್ನಾಗಿ ಗುಣವಾಗುತ್ತಾರೆ ಎಂದು ತೋರಿಸಿಕೊಟ್ಟಿತು. ಅಬ್ಬಾ ನಮ್ಮ ಜೊತೆ ಮನೆಯಲ್ಲೇ ಇರಲು ಸಾಧ್ಯವಾದದ್ದು ಅದರಿಂದ. ಆದರೆ ಅದರಲ್ಲೊಂದು ಶರತ್ತು ಇತ್ತು: ಗುಳಿಗೆ ಸರಿಯಾಗಿ ತೆಗೆದುಕೊಂಡರೆ.

ನಾನು ಅಲ್ಲಿಯೇ ಅತ್ತುಬಿಟ್ಟೆ. ಎಲ್ಲ ಹೇಳಿದೆ. ಮೇಡಂ ಬೈಯಲಿಲ್ಲ. "ಹತ್ತೊಂಬತ್ತು ದಿನ ಆಗ್ಯಾವ. ಇಪ್ಪತ್ತನೇದು ಆಗಬಾರದು. ಮನಿಗೆ ಹೋಗಿ ಹೇಳು. ನಿಮ್ಮ ಅಬ್ಬಾಗ ಬ್ಯಾಕ್ಟೀರಿಯಾ ತಿಳಿಲಿಕ್ಕಿಲ್ಲ, ಅಂಗಡಿ ತಿಳಿತೈತಿ" ಎಂದರು.

ಆ ದಿನ ಇಫ್ತಾರ್ ಆದ ಮೇಲೆ ಅಬ್ಬಾ ಅಂಗಡಿಗೆ ಹೋದರು. ನಾನು ವಹಿ ಹಿಡಿದುಕೊಂಡು ಹಿಂದೆಯೇ ಹೋದೆ. ಕೊನೆಯ ಪುಟ ತೆರೆದು ಮುಂದಿಟ್ಟೆ. "ಅಬ್ಬಾ, ವಹಿಯಲ್ಲಿ ಬಾಕಿ 27. ಡಬ್ಬದ ಹಿಂದೆ 84. ಲೆಕ್ಕ ತಾಳೆ ಆಗುತ್ತಿಲ್ಲ."

ಅವರು ತಕ್ಕಡಿಯ ಮೇಲಿನ ಧೂಳು ಒರೆಸುತ್ತ ನಿಂತರು. "ಈಗ ಚೆನ್ನಾಗಿದ್ದೇನಲ್ಲ ಬೇಟಾ" ಎಂದರು. "ರೋಜಾ ಬಿಡಲು ಮನಸ್ಸು ಬರಲಿಲ್ಲ. ಈದ್ ಆದ ಮೇಲೆ ಶುರು ಮಾಡೋಣ ಅಂದುಕೊಂಡೆ."

"ಅಬ್ಬಾ, 2023ರಲ್ಲಿ ನಾವು ಏನು ಮಾಡಿದೆವು, ನೆನಪಿದೆಯಾ?"

ಆ ವರ್ಷ ಮಳೆ ಕೈಕೊಟ್ಟಿತ್ತು. ರಾಜ್ಯದ ಬಹುತೇಕ ತಾಲೂಕುಗಳನ್ನು ಬರಪೀಡಿತ ಎಂದು ಸರಕಾರ ಘೋಷಿಸಿತ್ತು. ಹೆಸರು ಬರಲಿಲ್ಲ, ಉದ್ರಿಯೂ ಬರಲಿಲ್ಲ. ಅಬ್ಬಾ ಹೊಸ ಮಾಲು ತರಿಸುವುದನ್ನು ನಿಲ್ಲಿಸಿದರು. ಬಿಸ್ಕತ್ತು, ಸೋಪು, ತಂಪು ಪಾನೀಯ ಎಲ್ಲ ಬಂದ್. ಫ್ರಿಜ್ ಮಾರಿದರು. ಅಂಗಡಿ ಹಿಂದೆ ಕೋಣೆ ಕಟ್ಟಲೆಂದು ತಂದಿಟ್ಟ ತಗಡುಗಳನ್ನೂ ಮಾರಿದರು. ಬಂದ ಹಣವನ್ನು ಬಾಡಿಗೆಗೆ, ಕರೆಂಟ್ ಬಿಲ್ಲಿಗೆ, ನಮ್ಮ ಊಟಕ್ಕೆ ಮಾತ್ರ ಬಳಸಿದರು. ಊರಿನವರು ಅಂಗಡಿ ಮುಳುಗಿತು ಎಂದೇ ತಿಳಿದಿದ್ದರು. ಬಾಗಿಲು ಅರ್ಧ ಮುಚ್ಚಿರುತ್ತಿತ್ತು. ಆದರೆ ಮುಳುಗಿರಲಿಲ್ಲ. ಮುಂದಿನ ವರ್ಷ ಮಳೆ ಬಂದ ಕೂಡಲೇ ಅದೇ ಅಂಗಡಿ ಮತ್ತೆ ತುಂಬಿತು.

"ನಿಮ್ಮ ಎದೆಯೊಳಗೂ ಹಾಗೇ ಆಗಿದೆ ಅಬ್ಬಾ" ಎಂದೆ. "ಗೋಡೆಗೆ ತಂದ ಸಕ್ಕರೆಯನ್ನು ಅದು ಗೋಡೆಗೆ ಹಾಕುತ್ತಿಲ್ಲ. ತಗಡು ಮಾರಿದ ಹಾಗೆ, ಜೀವ ಉಳಿಸಿಕೊಳ್ಳಲು ಖರ್ಚು ಮಾಡುತ್ತಿದೆ. ಕೆಮ್ಮು ನಿಂತಿದ್ದು ಗಿರಾಕಿ ನಿಂತ ಹಾಗೆ ಅಷ್ಟೇ."

ಅಬ್ಬಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕನ್ನಡದಲ್ಲೇ, ಗಿರಾಕಿಗೆ ಹೇಳುವಂತೆ, "ಅಂದ್ರ ಬಾಗಿಲ ಹಾಕ್ಕೊಂಡು ಕುಂತೈತಿ. ಸತ್ತಿಲ್ಲ" ಎಂದರು. ಸ್ವಲ್ಪ ತಡೆದು, "ಮಳೆಗೆ ಕಾಯುತ್ತಿದೆ. ಆ ಮಳೆ ನಾನೇ ಕೊಡುತ್ತಿದ್ದೇನೆ" ಎಂದು ಉರ್ದುವಿನಲ್ಲಿ ಹೇಳಿದರು. ಹತ್ತು ದಿನ ಗೊತ್ತಿದ್ದೂ ನಾನು ಸುಮ್ಮನಿದ್ದದ್ದನ್ನು ಹೇಳಿದೆ. ಅದಕ್ಕೆ ಅವರು ನನ್ನ ತಲೆಯ ಮೇಲೆ ಕೈಯಿಟ್ಟರು, ಅಷ್ಟೇ.

ಮರುದಿನ ಬೆಳಿಗ್ಗೆ ಅಬ್ಬಾ ಜೊತೆ ನಾನೂ ಸರಕಾರಿ ದವಾಖಾನೆಗೆ ಹೋದೆ. ಡಾಕ್ಟರು ಎಲ್ಲ ಕೇಳಿ, ಮತ್ತೆ ಕಫ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗಿನ ಹೊತ್ತು ನನಗೆ ಇಂದಿಗೂ ನೆನಪಿದೆ. ನನ್ನ ಹತ್ತು ದಿನದ ಮೌನ ಯಾವ ಬೆಲೆಗೆ ಬರಲಿದೆಯೋ ಎಂದು ಲೆಕ್ಕ ಹಾಕುತ್ತ ಬೆಂಚಿನ ಮೇಲೆ ಕೂತಿದ್ದೆ. ಕಫದಲ್ಲಿ ರೋಗಾಣು ಕಾಣಲಿಲ್ಲ. ಅಲ್ಹಮ್ದುಲಿಲ್ಲಾಹ್. ಕಾಣಲಿಲ್ಲ ಎಂದರೆ ಇಲ್ಲ ಎಂದಲ್ಲ, ತಪ್ಪಿದ ದಿನಗಳನ್ನೂ ಸೇರಿಸಿ ಪೂರ್ತಿ ಮಾಡಲೇಬೇಕು ಎಂದು ಡಾಕ್ಟರು ಹೇಳಿದರು. ಹೊಟ್ಟೆ ತೊಳಸುವುದಕ್ಕೂ ಉಪಾಯ ಹೇಳಿಕೊಟ್ಟರು. ಮೊದಲೇ ಕೇಳಿದ್ದರೆ ಮೊದಲೇ ಹೇಳುತ್ತಿದ್ದರು.

ರೋಜಾ ವಿಷಯವನ್ನು ಅಬ್ಬಾ ಮಸೀದಿಯ ಮೌಲ್ವಿ ಸಾಹೇಬರ ಹತ್ತಿರ ಕೇಳಿದರು. ಕಾಯಿಲೆಯವರಿಗೆ ರುಖ್ಸತ್ ಇದೆ, ಗುಣವಾದ ಮೇಲೆ ಕಜಾ ರೋಜಾ ಹಿಡಿಯಬಹುದು, ದೇಹವೂ ಅಮಾನತ್ತೇ ಎಂದು ಅವರು ತಿಳಿಸಿ ಹೇಳಿದರು. ಅಬ್ಬಾಗೆ ಈ ಮಾತು ಮೊದಲು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ರೋಜಾ ಬಿಟ್ಟರೆ ಓಣಿಯವರು ಯಾಕೆ ಎಂದು ಕೇಳುತ್ತಾರೆ ಎಂಬ ಅಂಜಿಕೆ ದೊಡ್ಡದಾಗಿತ್ತು. ನಮ್ಮ ಮನೆಯಲ್ಲಿ ಗುಳಿಗೆ ನಿಲ್ಲಿಸಿದ್ದು ರೋಜಾ ಅಲ್ಲ, ನಾಚಿಕೆ.

ಕುಂದಗೋಳದವರು ಈದ್ ಆದ ಮೇಲೆ ಬಂದರು. ಈ ಬಾರಿ ಅಬ್ಬಾ ತಾವೇ ಹೇಳಿಬಿಟ್ಟರು. ಅವರು ಚಹಾ ಕುಡಿದು, ಯೋಚಿಸಿ ತಿಳಿಸುತ್ತೇವೆ ಎಂದು ಹೋದವರು ಇನ್ನೂ ತಿಳಿಸಿಲ್ಲ. ಅಮ್ಮಿ ಎರಡು ದಿನ ಮಾತು ಬಿಟ್ಟಿದ್ದರು. ಆಪಾ ಮಾತ್ರ, "ಗುಳಿಗೆಗೆ ಹೆದರುವ ಮನೆ ನನಗೆ ನಕ್ಕೋ" ಎಂದು ನಕ್ಕಳು. ಆ ನಗು ಎಷ್ಟು ನಿಜವೋ ನನಗೆ ಗೊತ್ತಿಲ್ಲ.

ಜುಲೈ ಎರಡನೆಯ ವಾರ ಕೊನೆಯ ಗುಳಿಗೆ ಮುಗಿಯಿತು. ವಹಿಯ ಕೊನೆಯ ಪುಟದಲ್ಲಿ ಮಾರ್ಚ್ ತಿಂಗಳ ಹತ್ತೊಂಬತ್ತು ಸುಳ್ಳು ನಮೂದುಗಳನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಕೆಳಗೆ ಸರಿಪಡಿಸಿ ಬರೆದೆ. ಅವನ್ನು ಅಳಿಸಲಿಲ್ಲ. ತಪ್ಪಿದ ನಮೂದನ್ನು ಕೆರೆದು ಅಳಿಸಬಾರದು, ತಿದ್ದುಪಡಿ ಕಾಣುವಂತೆ ಬರೆಯಬೇಕು ಎಂದು ನಮಗೆ ಕಾಲೇಜಿನಲ್ಲಿ ಕಲಿಸಿದ್ದಾರೆ. ಜಮಾ 504, ಖರ್ಚು 504, ಬಾಕಿ ಸೊನ್ನೆ. ಅದರ ಕೆಳಗೆ ಅಬ್ಬಾ ಉರ್ದುವಿನಲ್ಲಿ ಸಹಿ ಮಾಡಿದರು.

ಈಗ ಅಂಗಡಿಗೆ ಬಂದ ಯಾರಾದರೂ ಕೆಮ್ಮಿದರೆ ಅಬ್ಬಾ, "ಎಷ್ಟು ದಿನಾತ್ರಿ?" ಎಂದು ಕೇಳುತ್ತಾರೆ. ಎರಡು ವಾರ ದಾಟಿದ್ದರೆ ಆಶಾ ಅಕ್ಕನ ಮನೆಯ ದಾರಿ ತೋರಿಸುತ್ತಾರೆ. ಕೆಲವರಿಗೆ ಸಿಟ್ಟು ಬರುತ್ತದೆ. ಇಬ್ಬರು ಹೋಗಿ ಬಂದಿದ್ದಾರೆ.

ಕಾಲೇಜಿನ ಗೆಳತಿಯರಿಗೆ, ಗೆಳೆಯರಿಗೆ ನನ್ನದೊಂದು ವಿನಂತಿ. ನಮ್ಮಲ್ಲಿ ಎಷ್ಟೋ ಜನ ಹಳ್ಳಿಯಿಂದ ಬರುವವರು. ಮನೆಯಲ್ಲಿ ಓದು ಬರಹದ ಕೆಲಸ ನಮ್ಮದೇ. ಮನೆಯಲ್ಲಿ ಯಾರಾದರೂ ಈ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಕಾರ್ಡಿನ ಗುರುತನ್ನಷ್ಟೇ ನೋಡಬೇಡಿ. ಪೊಟ್ಟಣ ತೆಗೆದು ಎಣಿಸಿ. ಲೆಕ್ಕ ತಪ್ಪಿದ್ದು ಕಂಡರೆ ಅಂದೇ ಕೇಳಿ, ಹತ್ತು ದಿನ ಕಾಯಬೇಡಿ.